ಸಾಲ್ಯಾಗ ಒಂದು ತಾಸು ಕೂತ್ರ ಚಲೋ ಮಾಸ್ತರ್ ಯಾರು ಅಂತ ಹೆಂಗ ಗೊತ್ತಾಗಬೇಕ್ರಿ?

ಕೃಷ್ಣಾದಂಡಿ, ಜಮಖಂಡಿ ತಾಲೂಕು

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಸಾಲಿಯ ಎಸ್‌ಡಿಎಂಸಿಯೊಳಗ (ಸಾಲಿ ಅಭಿವೃದ್ಧಿ, ಮೇಲುಸ್ತುವಾರಿ ಸಮಿತಿ) ಅದೀನಿ. ಸಭೆ ಕೂಡಿದಾಗ ಕಂಪೌಂಡು, ನೀರಿನ ಟಾಕಿ, ಬಿಸಿಯೂಟದ ಅಕ್ಕಿ ಇವುಗಳ ಮ್ಯಾಲೆ ತಾಸುಗಟ್ಟಲೆ ಮಾತಾಡ್ತೀವಿ. ಪಾಠ ಹೆಂಗ ನಡದೈತಿ ಅನ್ನೋ ಮಾತು ಬಂತಂದ್ರ "ಮಾಸ್ತರ್ ಭಾಳ ಶಿಸ್ತಿನವ್ರು", "ಅಕ್ಕೋರು ಹುಡುಗರನ್ನ ಚಲೋ ನೋಡ್ಕೋತಾರ" ಅಂತ ಎರಡ ಮಾತಿಗೆ ಮುಗದ ಹೋಗ್ತೈತಿ.

ಪ್ರಗತಿ ಪತ್ರದಾಗ ಎ, ಎ ಪ್ಲಸ್ ಇರ್ತಾವು. ಅದ ಐದನೇ ಇಯತ್ತೆ (ತರಗತಿ) ಹುಡುಗನ ಕೈಯಾಗ 100 ರೂಪಾಯಿ ಕೊಟ್ಟು 63 ರೂಪಾಯಿ ಕಿರಾಣಿ ತಾ ಅಂದ್ರ, ಎಷ್ಟು ಚಿಲ್ಲರೆ ತಿರುಗಿ ಬರಬೇಕು ಅಂತ ಹೇಳಾಕ ತಡವರಿಸ್ತಾನ. ಯಾರ ತಪ್ಪು ಅಂತ ಹುಡುಕೂದು ನನ್ನ ಉದ್ದೇಶ ಅಲ್ಲ. ಬಿಎಡ್, ಡಿಎಡ್ ಮಾಡದ ನಮ್ಮಂಥವರು ತರಗತಿಯೊಳಗ ಕೂತ್ರ ಕಣ್ಣಿಗೆ ಕಾಣೂವಂಥ ಗುರುತು ಏನರ ಅದಾವೇನು? ಸಮರ್ಪಣಾ ಭಾವ ಬೇಕ ಬೇಕು, ಒಪ್ಪತೀನಿ. ಅದು ಕರಿಹಲಗಿ ಮುಂದ ಏನಾಗಿ ಕಾಣತೈತಿ ಅನ್ನೋದನ್ನ ಬಲ್ಲವರು ಬಿಡಿಸಿ ಹೇಳ್ರಿ.

ಪಾಟಿಬಳಪ, ಮುಧೋಳ

ಒಂದೇ ಗುರುತು ಹೇಳು ಅಂದರೆ ಇದನ್ನು ಹೇಳುತ್ತೇನೆ: ಮಗು ತಪ್ಪು ಉತ್ತರ ಕೊಟ್ಟ ಮೇಲಿನ ಅರ್ಧ ನಿಮಿಷದಲ್ಲಿ ಮಾಸ್ತರ್ ಏನು ಮಾಡುತ್ತಾರೆ ನೋಡಿರಿ. "ತಪ್ಪು, ಕೂಡ್ರು, ಮುಂದಿನವ ಹೇಳು" ಅಂದರೆ ಅಲ್ಲಿಗೆ ಮುಗಿಯಿತು. "ಹೆಂಗ ತಗದಿ? ಬಂದು ಮಾಡಿ ತೋರಸು" ಅಂತ ಕೇಳಿ, ತೋರಿಸಿದ್ದನ್ನು ನಿಂತು ನೋಡಿದರೆ, ಆ ತರಗತಿಯಲ್ಲಿ ಕಲಿಕೆ ನಡೆದಿದೆ ಅಂತ ನಂಬಬಹುದು. ಶಿಸ್ತು, ಅಕ್ಷರ, ಧ್ವನಿ ಎಲ್ಲ ಆಮೇಲಿನ ಮಾತು.

ಯಾಕೆ ಅಂತ ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. ಕರಿಹಲಗೆ ಮೇಲೆ 52 − 27 ಕೊಟ್ಟರೆ ಮೂರನೇ, ನಾಲ್ಕನೇ ಇಯತ್ತೆಯಲ್ಲಿ ಕೆಲವು ಮಕ್ಕಳು 35 ಅಂತ ಬರೆಯುತ್ತಾರೆ. ಸರಿ ಉತ್ತರ 25. ಆದರೆ ಈ 35 ಬರಲಿಕ್ಕೆ ಎರಡು ದಾರಿ ಇವೆ. ಒಂದು ಮಗು ಮೇಲೆ ಕೆಳಗೆ ನೋಡದೆ ಪ್ರತಿ ಮನೆಯಲ್ಲಿ ದೊಡ್ಡದರಿಂದ ಸಣ್ಣದನ್ನು ಕಳೆಯುತ್ತದೆ: 7ರಲ್ಲಿ 2 ಹೋದರೆ 5, 5ರಲ್ಲಿ 2 ಹೋದರೆ 3. ಇನ್ನೊಂದು ಮಗು ಹತ್ತನ್ನು ಎರವಲು ತರುತ್ತದೆ, 12ರಲ್ಲಿ 7 ಹೋದರೆ 5 ಅಂತ ಸರಿಯಾಗಿಯೇ ಮಾಡುತ್ತದೆ, ಆದರೆ ಹತ್ತರ ಮನೆಯ 5ನ್ನು 4 ಮಾಡುವುದನ್ನು ಮರೆಯುತ್ತದೆ. ಇಬ್ಬರದೂ 35. ಮೊದಲನೆಯ ಮಗುವಿಗೆ ಎರವಲು ಅನ್ನುವ ವಿಚಾರವೇ ಮುಟ್ಟಿಲ್ಲ. ಎರಡನೆಯದಕ್ಕೆ ಮುಟ್ಟಿದೆ, ಒಂದು ಹೆಜ್ಜೆ ಜಾರಿದೆ. ಇಬ್ಬರಿಗೂ ಕೆಂಪು ಗೆರೆ ಎಳೆದು "ಹತ್ತು ಸಲ ಬರಿ" ಅಂದರೆ ಮೊದಲನೆಯದು ಹತ್ತು ಸಲ ಅದೇ ತಪ್ಪನ್ನು ರೂಢಿ ಮಾಡಿಕೊಳ್ಳುತ್ತದೆ.

ಬಲ್ಲ ಮಾಸ್ತರ್ 52 − 27 ಕೊಡುವುದೇ ಇಲ್ಲ, 53 − 27 ಕೊಡುತ್ತಾರೆ. ಈಗ ಮೊದಲನೆಯ ಮಗು 34 ಬರೆಯುತ್ತದೆ, ಎರಡನೆಯದು 36, ಸರಿಯಾಗಿ ಬಲ್ಲವರು 26. ಉತ್ತರ ನೋಡಿದ ಕೂಡಲೇ ಯಾರು ಎಲ್ಲಿ ನಿಂತಿದ್ದಾರೆ ಅಂತ ತಿಳಿಯುತ್ತದೆ. ಬಿಡಿ ಸ್ಥಾನದ ಎರಡು ಅಂಕಿಗಳ ನಡುವೆ ಸರಿಯಾಗಿ 5 ಅಂತರ ಇದ್ದಾಗ ಮಾತ್ರ ಎರಡು ತಪ್ಪೂ ಒಂದೇ ಉತ್ತರ ಕೊಡುತ್ತವೆ, ಅದನ್ನು ತಪ್ಪಿಸಿದರಾಯಿತು. ಇಷ್ಟು ಸಣ್ಣ ಅಂಕಿಯ ಆಯ್ಕೆಯಲ್ಲಿ ಮಾಸ್ತರ್ ಪಾಠಕ್ಕೆ ತಯಾರಾಗಿ ಬಂದಿದ್ದಾರೋ ಇಲ್ಲವೋ ಕಾಣಿಸುತ್ತದೆ.

ನೀವು ಹೇಳಿದ ಕಿರಾಣಿ ಲೆಕ್ಕ, 100 − 63, ಇನ್ನೂ ಕಠಿಣ. ಅದರಲ್ಲಿ ಎರಡು ಸೊನ್ನೆ ಇವೆ. 163 ಅಂದರೆ ಮೊದಲಿನ ಜಾತಿಯ ತಪ್ಪು. 47 ಅಂದರೆ ನೂರನ್ನು ಬಿಡಿಸಿ ಹತ್ತರ ಮನೆಗೆ 10 ತಂದಿದ್ದಾನೆ, ಅದರಿಂದ ಒಂದನ್ನು ಬಿಡಿ ಮನೆಗೆ ಕೊಟ್ಟ ಮೇಲೆ 9 ಉಳಿಯಬೇಕು ಅನ್ನುವುದನ್ನು ಬಿಟ್ಟಿದ್ದಾನೆ. 37 ಸರಿ. 163 ಅಂದವನಿಗೆ "100 ರೂಪಾಯಿ ಒಯ್ದಿ, 163 ತಿರುಗಿ ಕೊಡ್ತಾನೇನು ಸಾವುಕಾರ?" ಅಂತ ಕೇಳಬೇಕು. ಉತ್ತರವನ್ನು ಅಂದಾಜಿಗೆ ಹಚ್ಚಿ ನೋಡುವ ರೂಢಿ ಆಗುವುದು ಇಂಥ ಪ್ರಶ್ನೆಯಿಂದ. ಅಂಗಡಿಯವ ಕಳೆಯುವುದೇ ಇಲ್ಲ, ಕೂಡಿಸುತ್ತಾನೆ ಅನ್ನುವುದನ್ನೂ ತೋರಿಸಬೇಕು: 63ಕ್ಕೆ 7 ಹಾಕಿದರೆ 70, ಮೇಲೆ 30 ಹಾಕಿದರೆ 100, ಒಟ್ಟು 37.

ಮದ್ದು ಏನು? ಕಡ್ಡಿ ಕಟ್ಟು. ನಾಲ್ಕು ಮಕ್ಕಳ ಗುಂಪಿಗೆ 100 ಕಡ್ಡಿ, 10 ರಬ್ಬರ್. ಕಸಬರಿಗೆ ಕಡ್ಡಿ ಒಂದು ಗೇಣುದ್ದ ಮುರಿದರೆ ಸಾಕು, ಖರ್ಚಿಲ್ಲ. ಹತ್ತರ ಕಟ್ಟುಗಳನ್ನು ಮಕ್ಕಳೇ ಎಣಿಸಿ ಕಟ್ಟಬೇಕು. 53 ಅಂದರೆ ಐದು ಕಟ್ಟು, ಮೂರು ಬಿಡಿ. 27 ತೆಗೆ ಅಂದಾಗ ಏಳು ಬಿಡಿ ಸಿಗುವುದಿಲ್ಲ, ಒಂದು ಕಟ್ಟಿನ ರಬ್ಬರ್ ಬಿಚ್ಚಲೇಬೇಕು, ಆಗ ನಾಲ್ಕು ಕಟ್ಟು, ಹದಿಮೂರು ಬಿಡಿ. ಕಟ್ಟು ಕಡಿಮೆ ಆದದ್ದು ಕೈಗೆ ಗೊತ್ತಾಗುತ್ತದೆ. ಮೊದಲ ದಿನ ಬರೀ ಕಡ್ಡಿ ಮತ್ತು ಬಾಯಿಮಾತು, ಬರವಣಿಗೆ ಇಲ್ಲ. ಎರಡನೇ ದಿನ ಕಡ್ಡಿ ಬಿಚ್ಚಿದ ಕೂಡಲೇ ಪಾಟಿಯಲ್ಲಿ 5ನ್ನು ಹೊಡೆದು 4 ಬರೆಯುವುದು. ಮೂರನೇ ದಿನ ಪಾಟಿ ಮೇಲೆ ಮಾಡಿ, ಕಡ್ಡಿಯಿಂದ ತಾಳೆ ನೋಡುವುದು. ಕೆಡುವುದು ಎಲ್ಲಿ ಅಂದರೆ, ಮಾಸ್ತರ್ ತಾವೇ ಮೇಜಿನ ಮೇಲೆ ಕಡ್ಡಿ ಹಿಡಿದು ಮಾಡಿ ತೋರಿಸುತ್ತಾರೆ, ಮಕ್ಕಳು ನೋಡುತ್ತ ಕೂಡುತ್ತಾರೆ. ಇಲ್ಲವೇ ಎರಡನೇ ದಿನವನ್ನು ಹಾರಿಸಿ ನೇರ ಪುಸ್ತಕಕ್ಕೆ ಹೋಗುತ್ತಾರೆ. ಕಡ್ಡಿಗೂ ಅಂಕಿಗೂ ಗಂಟು ಬೀಳುವುದು ಆ ಎರಡನೇ ದಿನವೇ.

ಮುಂದಿನ ಇಯತ್ತೆಗಳಲ್ಲಿ ಇದೇ ಕಥೆ ದಶಮಾಂಶದಲ್ಲಿ ಬರುತ್ತದೆ. ನಮ್ಮ ಭಾಗದಲ್ಲಿ ಕಬ್ಬಿನ ತೂಕದ ಚೀಟಿಗಿಂತ ಚಲೋ ಸಾಮಗ್ರಿ ಬೇಕಿಲ್ಲ. ಚೀಟಿಯಲ್ಲಿ 12.85 ಟನ್ ಅಂತ ಇದ್ದರೆ ಬಹಳ ಮಕ್ಕಳು "ಹನ್ನೆರಡು ಟನ್ ಎಂಬತ್ತೈದು ಕೆಜಿ" ಅಂತ ಓದುತ್ತಾರೆ. ಅದು 12 ಟನ್ 850 ಕೆಜಿ. 12 ಟನ್ 85 ಕೆಜಿ ಅಂದರೆ 12.085. ನಡುವಿನ ಅಂತರ 765 ಕೆಜಿ ಕಬ್ಬು. ಈ ಅಂತರ ಹೇಳಿದರೆ ರೈತನ ಮಗುವಿಗೆ ಬಿಂದುವಿನ ಆಚೆಯ ಸೊನ್ನೆಯ ಬೆಲೆ ಬೇರೆ ವಿವರಣೆ ಇಲ್ಲದೆ ತಿಳಿಯುತ್ತದೆ.

ಇಲ್ಲಿ ಇನ್ನೊಂದು ಎಚ್ಚರ ಬೇಕು, ಸರಿ ಉತ್ತರವನ್ನೂ ಪರೀಕ್ಷಿಸಬೇಕು. 0.4, 0.35, 0.125 ಇವುಗಳಲ್ಲಿ ದೊಡ್ಡದು ಯಾವುದು? 125 ದೊಡ್ಡದು ಅಂತ 0.125 ಹೇಳುವ ಮಗು ಸಿಕ್ಕಿಬೀಳುತ್ತದೆ. ಆದರೆ "ಅಂಕಿ ಹೆಚ್ಚಾದಷ್ಟೂ ಚೂರು ಸಣ್ಣದು" ಅಂತ ತಪ್ಪು ತಿಳಿದ ಮಗು 0.4 ಅಂತ ಹೇಳಿ ಪಾರಾಗುತ್ತದೆ. ಅದಕ್ಕೆ 0.4 ಮತ್ತು 0.65 ಕೊಟ್ಟು ನೋಡಬೇಕು. ಅಲ್ಲೂ 0.4 ದೊಡ್ಡದು ಅಂದರೆ ಗುಟ್ಟು ಹೊರಬಿತ್ತು.

ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್ಮನ್ 1986ರಲ್ಲಿ ಇದಕ್ಕೊಂದು ಹೆಸರು ಕೊಟ್ಟರು. ವಿಷಯ ಗೊತ್ತಿರುವುದು ಒಂದು ಜ್ಞಾನ, ಆ ವಿಷಯದಲ್ಲಿ ಮಗು ಎಲ್ಲಿ ಎಡವುತ್ತದೆ, ಯಾವ ಉದಾಹರಣೆಯಿಂದ ಎದ್ದು ನಿಲ್ಲುತ್ತದೆ ಅನ್ನುವುದು ಶಿಕ್ಷಕರಿಗೇ ಮೀಸಲಾದ ಬೇರೆ ಜ್ಞಾನ ಅಂತ. ಎಂಎಸ್ಸಿ ಮಾಡಿದವರಿಗೂ ಅದು ತಾನಾಗಿ ಬರುವುದಿಲ್ಲ. ಹತ್ತು ವರ್ಷ ತಪ್ಪು ಉತ್ತರಗಳನ್ನು ಬರೆದಿಟ್ಟುಕೊಂಡವರಿಗೆ ಬರುತ್ತದೆ.

ಗಡಿಯಂಚಿನ ಅಕ್ಕೋರು, ಖಾನಾಪುರ

ಪಾಟಿಬಳಪ ಅವರು ಗಣಿತದಲ್ಲಿ ಹೇಳಿದ್ದು ಕನ್ನಡ ಓದು ಬರಹಕ್ಕೂ ಅಷ್ಟೇ ಖರೆ. "ಈ ಹುಡುಗಿಗೆ ಓದಾಕ ಬರೂದಿಲ್ಲ" ಅನ್ನುವ ಮಾತು ಕೇಳಿದರೆ ಕೂಡಲೇ ಕೇಳಬೇಕು, ಎಲ್ಲಿಯವರೆಗೆ ಬರುತ್ತದೆ?

ಅದನ್ನು ತಿಳಿಯಲಿಕ್ಕೆ 20 ಶಬ್ದ ಸಾಕು. ಒಂದು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಮೊದಲ ಐದು ಗುಣಿತವಿಲ್ಲದವು: ಮರ, ಕಮಲ, ಬಸವ ಇಂಥವು. ಮುಂದಿನ ಐದು ಗುಣಿತಾಕ್ಷರದವು: ಗಾಳಿ, ಕುದುರೆ, ತೋಟ. ಆಮೇಲಿನ ಐದು ಅದೇ ಅಕ್ಷರಕ್ಕೆ ಅದೇ ಒತ್ತು ಇರುವ ಸಜಾತಿ ಒತ್ತಿನವು: ಅಕ್ಕ, ರೊಟ್ಟಿ, ಹಳ್ಳಿ. ಕೊನೆಯ ಐದು ಬೇರೆ ಒತ್ತಿನವು: ಪುಸ್ತಕ, ಅಕ್ಷರ, ಸೂರ್ಯ. ಮಗು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಪಾಠ ಶುರು. ನಾಲ್ಕನೇ ಇಯತ್ತೆ ಮಗು ಗುಣಿತದಲ್ಲೇ ನಿಂತರೆ ನಾಲ್ಕನೇ ಇಯತ್ತೆ ಪುಸ್ತಕವನ್ನು ಎಷ್ಟು ಸಲ ಓದಿಸಿದರೂ ಅದು ಪಕ್ಕದವಳ ದನಿಗೆ ದನಿ ಕೂಡಿಸುತ್ತದೆ ಅಷ್ಟೇ. ಒಂದು ಮಗುವಿಗೆ ಎರಡು ನಿಮಿಷದಂತೆ 30 ಮಕ್ಕಳ ತರಗತಿಗೆ ಒಂದು ತಾಸು. ಮೂರು ದಿನ 20 ನಿಮಿಷ ಹಂಚಿಕೊಂಡರೂ ಆಗುತ್ತದೆ.

ಒತ್ತಕ್ಷರದ ತಪ್ಪುಗಳಿಗೂ ಕಾರಣ ಇರುತ್ತದೆ. "ಪುಸ್ತಕ" ಬರೆಯಲು ಹೇಳಿದರೆ "ಪುತ್ಸಕ" ಅಂತ ಬರೆದ ಮಗುವಿಗೆ ಸ, ತ ಎರಡೂ ಕೇಳಿಸಿವೆ. ಮೊದಲು ಉಚ್ಚರಿಸಿದ್ದು ಮೇಲೆ, ಆಮೇಲಿನದು ಕೆಳಗೆ ಅನ್ನುವ ಕ್ರಮ ಮಾತ್ರ ಗೊತ್ತಿಲ್ಲ. "ಸೂರ್ಯ"ವನ್ನು "ಸೂಯರ" ಅಂತ ಓದುವ ಮಗು ಪಾಪ ಎಡದಿಂದ ಬಲಕ್ಕೆ ಕಂಡಂತೆಯೇ ಓದಿದೆ. ಅರ್ಕಾವೊತ್ತು ಒಂದೇ ಹಾಗೆ, ಬರೆಯುವುದು ಆಮೇಲೆ, ಉಚ್ಚರಿಸುವುದು ಮೊದಲು. ಇದನ್ನು ಬೇರೆಯದೇ ಪಾಠ ಮಾಡಿ ಕಲಿಸಬೇಕು, ಉಳಿದ ಒತ್ತುಗಳ ಜೊತೆ ಸೇರಿಸಬಾರದು. ಸೇರಿಸಿದರೆ ಕಲಿತ ಕ್ರಮವೂ ಕೆಡುತ್ತದೆ.

ಇನ್ನು ನಮ್ಮ ಕಡೆಯ ಮಾತು. ನಾವು ಮನೆಯನ್ನು ಮನಿ ಅಂತೀವಿ, ಶಾಲೆಯನ್ನು ಸಾಲಿ ಅಂತೀವಿ, ಕುದುರೆಯನ್ನು ಕುದರಿ. ಮಗು ಹಾಗೆಯೇ ಬರೆಯುತ್ತದೆ. ಅದಕ್ಕೆ "ಹಳ್ಳಿ ಭಾಷಾ ಬಿಡು" ಅಂತ ಬೈದರೆ ಮಗು ಬರೆಯುವುದನ್ನೇ ಬಿಡುತ್ತದೆ. ಅದರಲ್ಲಿ ಒಂದು ನಿಯಮ ಇದೆ: ಪುಸ್ತಕದಲ್ಲಿ ಶಬ್ದದ ಕೊನೆಗೆ ಎ ಇದ್ದದ್ದು ನಮ್ಮ ಬಾಯಲ್ಲಿ ಇ ಆಗುತ್ತದೆ. ಬಲ್ಲ ಶಿಕ್ಷಕಿ ಕರಿಹಲಗೆಯನ್ನು ಎರಡು ಪಾಲು ಮಾಡಿ ಒಂದು ಕಡೆ "ನಾವು ಅನ್ನೂದು", ಇನ್ನೊಂದು ಕಡೆ "ಪುಸ್ತಕದಾಗಿಂದು" ಅಂತ ಬರೆದು ಮಕ್ಕಳಿಂದಲೇ ಜೋಡಿ ಹೇಳಿಸುತ್ತಾರೆ. ಎರಡು ವಾರದಲ್ಲಿ ಹೊಸ ತಪ್ಪು ಶುರುವಾಗುತ್ತದೆ: ಹಳ್ಳಿಯನ್ನು "ಹಳ್ಳೆ", ಹುಲಿಯನ್ನು "ಹುಲೆ" ಅಂತ ಬರೆಯುತ್ತಾರೆ. ಗಾಬರಿ ಬೀಳಬಾರದು, ನಿಯಮ ಹಿಡಿದಿದೆ ಅನ್ನುವುದರ ಗುರುತು ಅದು. ಆಗ ಮೂರನೇ ಪಟ್ಟಿ ಬರೆಯಬೇಕು, ಎರಡೂ ಕಡೆ ಇ ಇರುವ ಶಬ್ದಗಳದ್ದು.

ಖಾನಾಪುರ, ನಿಪ್ಪಾಣಿ ಕಡೆ ಮನೆಯಲ್ಲಿ ಮರಾಠಿ ಆಡುವ ಮಕ್ಕಳು ಕನ್ನಡ ಶಾಲೆಗೆ ಬರುತ್ತಾರೆ. ಅವರ ತಪ್ಪುಗಳು ಬೇರೆ. ಮರಾಠಿ ಬರಹದಲ್ಲಿ ಎ ಮತ್ತು ಏ, ಒ ಮತ್ತು ಓ ಅಂತ ಬೇರೆ ಬೇರೆ ಇಲ್ಲ. ಹಾಗಾಗಿ "ಕೊಡು" ಮತ್ತು "ಕೋಡು", "ಕೆರೆ" ಮತ್ತು "ಕೇರೆ" ಅವರಿಗೆ ಒಂದೇ. ಶಬ್ದದ ಕೊನೆಯ ಅಕಾರವನ್ನೂ ನುಂಗುತ್ತಾರೆ, ಮರ ಹೋಗಿ "ಮರ್" ಆಗುತ್ತದೆ, ಯಾಕೆಂದರೆ ಮರಾಠಿ ಮಾತಿನಲ್ಲಿ ಅದು ಸಹಜ. ಇದು ಗಮನ ಇಲ್ಲದ್ದಲ್ಲ. ಕೆರೆಯ ಚಿತ್ರ, ಕೇರೆ ಹಾವಿನ ಚಿತ್ರ ಎರಡನ್ನೂ ಇಟ್ಟು ಒಂದು ಶಬ್ದ ಹೇಳಿ "ಯಾವುದು, ಮುಟ್ಟು" ಅಂತ ಕಿವಿಗೆ ಮೊದಲು ತರಬೇತಿ ಕೊಡಬೇಕು. ಬರವಣಿಗೆ ಆಮೇಲೆ. ವಿಜಯಪುರದಲ್ಲಿ ಉರ್ದು ಆಡುವ ಮಕ್ಕಳಿಗೆ ಇದೇ ಕೆಲಸವನ್ನು ಲ, ಳ ಜೋಡಿಗೆ ಮಾಡಬೇಕಾಗುತ್ತದೆ: ಹಲ್ಲಿ, ಹಳ್ಳಿ. ಲಂಬಾಣಿ ತಾಂಡಾದ ಮಗು ಅವ್ವನಿಗೆ ಯಾಡಿ ಅನ್ನುತ್ತದೆ, ರೊಟ್ಟಿಗೆ ಬಾಟಿ. ಮೊದಲ ತಿಂಗಳು ಆ ಶಬ್ದಗಳು ಕರಿಹಲಗೆ ಮೇಲೆ ಕನ್ನಡ ಲಿಪಿಯಲ್ಲಿ ಬಂದರೆ ಮಗು ಬಾಯಿ ಬಿಡುತ್ತದೆ.

ಬೆಳಗಾವಿ ಭಾಗದಲ್ಲಿ ಕನ್ನಡ ಮಕ್ಕಳಿಗೂ ಮರಾಠಿಯಲ್ಲೇ ಪಾಠ ಆಗುತ್ತಿದ್ದ 19ನೇ ಶತಮಾನದಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. ಮಗುವಿಗೆ ತಿಳಿಯುವ ಮಾತಿನಿಂದ ಪಾಠ ಶುರುವಾಗಬೇಕು ಅನ್ನುವ ಅದೇ ನ್ಯಾಯವನ್ನು ಇಂದು ನಮ್ಮ ತರಗತಿಯ ಮರಾಠಿ, ಉರ್ದು, ಲಂಬಾಣಿ ಮಕ್ಕಳಿಗೂ ಕೊಡಬೇಕು.

ಗೋಳಗುಮ್ಮಟ, ವಿಜಯಪುರ

ಎಲ್ಲಾ ಖರೆ ಅದ್ರಿ, ಆದ್ರ ನೀವು ಶಿಸ್ತಿನ ಮಾತು ಭಾಳ ಹಗುರ ಮಾಡಿದ್ರಿ. 45 ಹುಡುಗರು ಗದ್ದಲ ಹಾಕುವಾಗ ಯಾರ ತಪ್ಪು ಉತ್ತರ ಯಾರು ಕೇಳಬೇಕು? ಮೊದಲು ಅಂಜಿಕಿ ಇರಬೇಕು, ಆಮ್ಯಾಲೆ ಪಾಠ. ಹಳೇ ಮಾಸ್ತರ್‌ಗೋಳು ಬಡಿಗಿ ಹಿಡಿದ ಕಲಿಸಿದ್ದು, ಆ ಮಂದಿ ಇವತ್ತಿಗೂ ಮಗ್ಗಿ ಮರೆತಿಲ್ಲ.

ಪಾಟಿಬಳಪ, ಮುಧೋಳ

@ಗೋಳಗುಮ್ಮಟ, ಗದ್ದಲದಲ್ಲಿ ಪಾಠ ಆಗುವುದಿಲ್ಲ ಅನ್ನುವುದನ್ನು ಪೂರಾ ಒಪ್ಪುತ್ತೇನೆ. ಬಡಿಗೆಯನ್ನು ಒಪ್ಪುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ ಅನ್ನುವುದು ಒಂದು. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಅಂಜಿದ ಮಗು ತಪ್ಪನ್ನು ಮುಚ್ಚಿಡುತ್ತದೆ. ಪಕ್ಕದವನ ಪಾಟಿ ನೋಡಿ 26 ಬರೆಯುತ್ತದೆ. ಮಾಸ್ತರ್‌ಗೆ ತರಗತಿ ತುಂಬ ಸರಿ ಉತ್ತರ ಕಾಣುತ್ತದೆ, ಒಳಗೆ ಏನಿದೆ ಗೊತ್ತಾಗುವುದಿಲ್ಲ. ಮಗ್ಗಿ ಬಾಯಿಪಾಠ, ಅದು ಅಂಜಿಕೆಯಲ್ಲೂ ಬರುತ್ತದೆ. 53 − 27ರಲ್ಲಿ ಎಲ್ಲಿ ಜಾರಿದೆ ಅಂತ ಹೇಳಲಿಕ್ಕೆ ಮಗುವಿಗೆ ಧೈರ್ಯ ಬೇಕು.

ಶಿಸ್ತು ಬರುವುದು ಪದ್ಧತಿಯಿಂದ. ತರಗತಿಯೊಳಗೆ ಕಾಲಿಟ್ಟ ಕೂಡಲೇ ಕರಿಹಲಗೆ ಮೇಲೆ ಐದು ಪ್ರಶ್ನೆ ಇರಬೇಕು: ಎರಡು ನಿನ್ನೆಯವು, ಎರಡು ಹೋದ ವಾರದವು, ಒಂದು ಹೋದ ತಿಂಗಳದ್ದು. ಆರು ನಿಮಿಷ, ಪುಸ್ತಕ ತೆರೆಯುವಂತಿಲ್ಲ, ಮಾತಿಲ್ಲ. ಪ್ರತಿ ದಿನ, ತಪ್ಪದೆ. ಎರಡು ವಾರದಲ್ಲಿ ಮಕ್ಕಳು ತಾವಾಗಿ ಕೂತು ಬರೆಯತೊಡಗುತ್ತಾರೆ, ಯಾರೂ ಕೂಗಬೇಕಿಲ್ಲ. ಇದರಿಂದ ನೆನಪೂ ಗಟ್ಟಿಯಾಗುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ತೋರಿಸಿದ್ದು ಇದನ್ನೇ. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರು ಮುಂದಿದ್ದರು, ಒಂದು ವಾರದ ನಂತರ ಕೇಳಿದರೆ ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡು ಬರೆದವರು ಮುಂದಿದ್ದರು.

ಹಳೇ ಹಾಜರಿ ಪುಸ್ತಕ, ಬಾಗಲಕೋಟೆ

ಕೃಷ್ಣಾದಂಡಿ ಅವರು ಕೇಳಿದ್ದು ಕೂತು ನೋಡುವ ಬಗೆ. ಅದಕ್ಕೆ ಬರೋಣ.

ಮುಖ್ಯ ಗುರುಗಳಿಗೂ ಆ ಶಿಕ್ಷಕರಿಗೂ ಮೊದಲೇ ಹೇಳಿ ಹೋಗಿರಿ. ಮೇಜಿನ ಬದಿಯ ಕುರ್ಚಿಯಲ್ಲಿ ಕೂಡಬೇಡಿರಿ, ಹಿಂದಿನ ಸಾಲಿನಲ್ಲಿ ಮಕ್ಕಳ ನಡುವೆ ಕೂಡಿರಿ. ಒಂದು ಹಾಳೆಯಲ್ಲಿ ಮಕ್ಕಳು ಕೂತ ಸಾಲುಗಳನ್ನು ಚೌಕಗಳಂತೆ ಬರೆದುಕೊಳ್ಳಿರಿ. 40 ನಿಮಿಷದ ಅವಧಿಯಲ್ಲಿ ಯಾವ ಮಗು ಒಂಟಿಯಾಗಿ ಉತ್ತರ ಹೇಳಿತೋ ಆ ಚೌಕದಲ್ಲಿ ಒಂದು ಗೆರೆ. ಸಾಮಾನ್ಯವಾಗಿ ಗೆರೆಗಳೆಲ್ಲ ಮುಂದಿನ ಎರಡು ಸಾಲು ಮತ್ತು ನಡುವಿನ ಪಟ್ಟಿಯಲ್ಲಿ ಬೀಳುತ್ತವೆ. ಮೂಲೆಯ ಚೌಕಗಳಲ್ಲೂ ಗೆರೆ ಬಿದ್ದಿದ್ದರೆ ಆ ಶಿಕ್ಷಕರ ಕಣ್ಣು ಎಲ್ಲೆಡೆ ಓಡಾಡಿದೆ.

ಎರಡನೆಯದು, ಪ್ರಶ್ನೆ ಕೇಳಿದ ಮೇಲಿನ ಮೌನ. ಮನಸ್ಸಿನಲ್ಲಿ ನಿಧಾನ ಒಂದು, ಎರಡು, ಮೂರು ಎಣಿಸಿರಿ. ಬಹಳ ಕಡೆ ಒಂದು ಎನ್ನುವಷ್ಟರಲ್ಲಿ ಶಿಕ್ಷಕರೇ ಉತ್ತರ ಹೇಳಿಬಿಡುತ್ತಾರೆ, ಇಲ್ಲವೇ ಜಾಣನ ಹೆಸರು ಕೂಗುತ್ತಾರೆ. ಮೇರಿ ಬಡ್ ರೋ ಎನ್ನುವವರು 1970ರ ದಶಕದಲ್ಲಿ ಅಮೆರಿಕದ ತರಗತಿಗಳಲ್ಲಿ ಅಳೆದಾಗ ಅಲ್ಲೂ ಸರಾಸರಿ ಒಂದು ಸೆಕೆಂಡಿನ ಆಸುಪಾಸೇ ಇತ್ತು. ಅದನ್ನು ಮೂರಕ್ಕೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನೆ ಕೂಡುತ್ತಿದ್ದ ಮಕ್ಕಳೂ ಮಾತಾಡಿದರು. ಮಗು ಉತ್ತರ ಹೇಳಿದ ಮೇಲೂ ಮೂರು ಎಣಿಸುವಷ್ಟು ಸುಮ್ಮನಿರಬೇಕು, ಆಗ ಅದು "ಅಲ್ರೀ, ತಡೀರಿ" ಅಂತ ತಾನೇ ತಿದ್ದಿಕೊಳ್ಳುತ್ತದೆ. ಹೆಸರು ಕೂಗುವುದು ಪ್ರಶ್ನೆ ಮುಗಿದು ಮೌನ ಆದ ಮೇಲೆ. ಮೊದಲೇ ಕೂಗಿದರೆ ಉಳಿದವರು ಯೋಚಿಸುವುದನ್ನು ನಿಲ್ಲಿಸುತ್ತಾರೆ.

"ತಿಳೀತಿಲ್ಲೋ?" "ತಿಳೀತ್ರೀ ಸರ್!" ಈ ಕೋರಸ್ಸಿನಿಂದ ಏನೂ ತಿಳಿಯುವುದಿಲ್ಲ. ಅದರ ಬದಲು ಪಾಟಿ. ಎಲ್ಲರೂ ಬರೆಯಬೇಕು, ಬರೆದು ಎದೆಗೆ ಆನಿಸಿ ಹಿಡಿಯಬೇಕು, "ತೋರಸ್ರಿ" ಅಂದಾಗ ಒಮ್ಮೆಗೇ ಎತ್ತಬೇಕು. 15 ಸೆಕೆಂಡಿನಲ್ಲಿ 30 ಉತ್ತರ ಕಾಣುತ್ತವೆ. ಚುರುಕಿನವರು ಮೊದಲೇ ಎತ್ತಿದರೆ ಪಕ್ಕದವರು ನಕಲು ಮಾಡುತ್ತಾರೆ, ಆದ್ದರಿಂದ ಎದೆಗೆ ಆನಿಸುವ ನಿಯಮ ಬಿಡಬಾರದು. ಪ್ರಶ್ನೆ ಒಂದು ಅಂಕಿ ಅಥವಾ ಒಂದು ಶಬ್ದದ್ದಾಗಿರಬೇಕು. ಪಾಟಿ ಎತ್ತಿದಾಗ ಶಿಕ್ಷಕರ ಕಣ್ಣು ಎಲ್ಲಿ ನಿಲ್ಲುತ್ತದೆ ಅನ್ನುವುದನ್ನೂ ಗಮನಿಸಿರಿ. ತಪ್ಪಾದ ಪಾಟಿಗಳ ಹತ್ತಿರ ನಿಂತು, ಅವರನ್ನು ಹೆಸರಿಟ್ಟು ನಾಚಿಕೆಪಡಿಸದೆ, "ನನಗ ಎರಡು ಉತ್ತರ ಕಾಣಾಕತ್ತಾವು, 34 ಒಂದು, 26 ಒಂದು, ಯಾವುದು ಯಾಕ ಅಂತ ಜೋಡಿಯಾಗಿ ಮಾತಾಡ್ರಿ" ಅಂದರೆ, ಅಂಥವರನ್ನು ಊರು ಬಿಟ್ಟುಕೊಡಬಾರದು.

ಕೊನೆಗೆ ವಹಿಗಳು, ಅಂದರೆ ಮಕ್ಕಳ ನೋಟ್ ಪುಸ್ತಕಗಳು. ಹಾಜರಿ ಸಂಖ್ಯೆ 4, 11, 18, 25ರ ವಹಿ ಕೇಳಿರಿ. ಶಿಕ್ಷಕರೇ ಆರಿಸಿ ಕೊಟ್ಟದ್ದು ಬೇಡ. ನಾಲ್ಕರಲ್ಲೂ ಒಂದೇ ವಾಕ್ಯ, ಒಂದೇ ತಪ್ಪು ಇದ್ದರೆ ಕರಿಹಲಗೆಯಿಂದ ಇಳಿಸಿಕೊಂಡದ್ದು. ಕೆಂಪು ಶಾಯಿಯಲ್ಲಿ ಸಹಿ, ತಾರೀಖು ಮಾತ್ರ ಇದ್ದರೆ ಮಗುವಿಗೆ ಏನೂ ಸಿಕ್ಕಿಲ್ಲ. "ಹತ್ತರ ಮನೆ ನೋಡು" ಅಂತ ಮೂರು ಶಬ್ದ ಇದ್ದು, ಅದರ ಕೆಳಗೆ ಮಗು ಮತ್ತೆ ಮಾಡಿದ ಲೆಕ್ಕ ಇದ್ದರೆ ಆ ತಿದ್ದುಪಡಿಗೆ ಬೆಲೆ ಇದೆ. ದಿನಾ 40 ವಹಿ ಹೀಗೆ ತಿದ್ದಲು ಆಗುವುದಿಲ್ಲ. ದಿನಕ್ಕೆ ಎಂಟರಂತೆ ಸರದಿ ಮಾಡಿದರೆ ವಾರದಲ್ಲಿ ಎಲ್ಲರದೂ ಮುಗಿಯುತ್ತದೆ.

ಒಂದೇ ಭೇಟಿಯಿಂದ ತೀರ್ಮಾನ ಮಾಡಬೇಡಿರಿ. ಹೊರಗಿನವರು ಕೂತ ದಿನ ಪಾಠ ಬೇರೆಯೇ ಆಗಿರುತ್ತದೆ. ತಿಂಗಳಲ್ಲಿ ಮೂರು ಸಲ, ಬೇರೆ ಬೇರೆ ವಿಷಯಕ್ಕೆ.

ಬಿಳಿಜೋಳ, ಇಂಡಿ

ನಮ್ಮ ಕಡೆಯ ಒಂದು ಸಂಗತಿ ಸೇರಿಸುತ್ತೇನೆ. ಇಂಡಿ, ಚಡಚಣ, ಸಿಂದಗಿ ಭಾಗದಿಂದ ದೀಪಾವಳಿ ಹೊತ್ತಿಗೆ ಕುಟುಂಬಗಳು ಕಬ್ಬು ಕಡಿಯಲು ಗುಳೆ ಹೋಗುತ್ತವೆ, ಯುಗಾದಿ ಸುಮಾರಿಗೆ ತಿರುಗಿ ಬರುತ್ತವೆ. ಕಾಯ್ದೆ ಪ್ರಕಾರ ಐದನೇ ಇಯತ್ತೆವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕು. ಗುಳೆ ಹೋದ ಮಗುವಿಗೆ ಅದರಲ್ಲಿ ದೊಡ್ಡ ಪಾಲು ಕೈತಪ್ಪುತ್ತದೆ. ಇಂಥ ಮಗು ತಿರುಗಿ ಬಂದ ಮೊದಲ ದಿನ ಶಿಕ್ಷಕರು ಏನು ಮಾಡುತ್ತಾರೆ ಅನ್ನುವುದು ನಮ್ಮಲ್ಲಿ ದೊಡ್ಡ ಗುರುತು.

ಬಲ್ಲವರ ಹತ್ತಿರ ಪ್ರತಿ ಮಗುವಿಗೆ ಒಂದು ಪುಟ ಇರುತ್ತದೆ. ಹೋಗುವ ದಿನ ಅದರಲ್ಲಿ ಎರಡು ಸಾಲು: ಓದಿನಲ್ಲಿ ಸಜಾತಿ ಒತ್ತಿನವರೆಗೆ, ಗಣಿತದಲ್ಲಿ ಎರಡಂಕಿ ಕೂಡಿಸುವವರೆಗೆ. ಬಂದ ದಿನ ಆ 20 ಶಬ್ದ, ಐದು ಲೆಕ್ಕ ಕೊಟ್ಟು ಎಷ್ಟು ಉಳಿದಿದೆ ನೋಡುತ್ತಾರೆ. ಸಾಮಾನ್ಯವಾಗಿ ಒಂದು ಮೆಟ್ಟಿಲು ಹಿಂದೆ ಹೋಗಿರುತ್ತದೆ, ಅಲ್ಲಿಂದಲೇ ಆರು ವಾರ, ದಿನಕ್ಕೆ 40 ನಿಮಿಷ ಬೇರೆ ಗುಂಪು. ತರಗತಿಯ ಪಾಠಕ್ಕೆ ನೇರ ಕೂಡಿಸಿದರೆ ಮಗು ನಾಲ್ಕು ದಿನ ಬಂದು ಐದನೇ ದಿನ ಕುರಿ ಹಿಂದೆ ಹೋಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿಯ ಒಳ್ಳೆಯ ಗುಣ ಇದೇ. ಮೈಲಿಗಲ್ಲುಗಳ ಸಾಲಿನಲ್ಲಿ ಮಗು ಬಿಟ್ಟಲ್ಲಿಂದ ಹಿಡಿಯಬಹುದು. ಮಗು ಎಲ್ಲಿ ತಲುಪಿದೆ ಅಂತ ಗುರುತು ಹಾಕುವ ಪಟ್ಟಿ, ಪ್ರಗತಿ ನೋಟ, ಖರೆ ಖರೆ ತುಂಬಿದ್ದರೆ ಮಾತ್ರ. ತಿಂಗಳ ಕೊನೆಗೆ ಎಲ್ಲ ಮನೆಗಳನ್ನೂ ಒಂದೇ ಪೆನ್ನಿನಲ್ಲಿ ಒಮ್ಮೆಗೇ ತುಂಬಿದ್ದು ಕಂಡರೆ ಅದರಿಂದ ಯಾವ ಮಗುವಿಗೂ ಉಪಯೋಗ ಇಲ್ಲ.

ಇದೆಲ್ಲ ಯಾಕೆ ಇಷ್ಟು ಮುಖ್ಯ ಅಂದರೆ, ನಾಲ್ಕನೇ ಇಯತ್ತೆಯಲ್ಲಿ ಎರವಲು ತಿಳಿಯದ ಮಗು ಐದರಲ್ಲಿ ಭಾಗಾಕಾರದಲ್ಲಿ ನಿಲ್ಲುತ್ತದೆ, ಆರರಲ್ಲಿ ದಶಮಾಂಶ, ಎಂಟರಲ್ಲಿ ಬೀಜಗಣಿತ. ಎಸ್‌ಎಸ್‌ಎಲ್‌ಸಿಯಲ್ಲಿ "ಗಣಿತದಾಗ ಹೋತು" ಅನ್ನುವಾಗ ಅದರ ಬೇರು ಆ ಕಡ್ಡಿ ಕಟ್ಟಿನ ಹತ್ತಿರ ಇರುತ್ತದೆ. ಅಮೆರಿಕದಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಯವರು 10 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ಹಿಡಿದು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರರಿಂದ ಎಂಟನೇ ತರಗತಿಯವರೆಗೆ ಒಳ್ಳೆಯ ಶಿಕ್ಷಕರು ಸಿಕ್ಕ ಮಕ್ಕಳು ಕಾಲೇಜಿಗೆ ಹೋಗುವುದೂ ದೊಡ್ಡವರಾದ ಮೇಲೆ ಗಳಿಸುವುದೂ ಹೆಚ್ಚು ಅಂತ ಕಂಡಿತು. ಅದು ಅವರ ದೇಶದ ಲೆಕ್ಕ. ಗುಳೆಯ ಕುಟುಂಬದ ಮಗುವಿಗೆ ಮನೆಯಲ್ಲಿ ಹೇಳಿಕೊಡುವವರೂ ಟ್ಯೂಷನ್ನೂ ಇರುವುದಿಲ್ಲ, ಅದಕ್ಕೆ ಆ ಒಬ್ಬ ಶಿಕ್ಷಕರೇ ಎಲ್ಲ.

ಕೃಷ್ಣಾದಂಡಿ, ಜಮಖಂಡಿ ತಾಲೂಕು

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಒಂದು ಮಾತು ಉಳೀತು. ಇಷ್ಟೆಲ್ಲಾ ನೋಡಿದ ಮ್ಯಾಲೆ ಮಾಸ್ತರ್ ಮುಂದ ಏನಂತ ಮಾತು ತಗೀಬೇಕು? ತಪಾಸಣೆ ಮಾಡಾಕ ಬಂದಾರ ಅಂತ ಅವರಿಗೆ ಅನಿಸಬಾರದು.

ಹಳೇ ಹಾಜರಿ ಪುಸ್ತಕ, ಬಾಗಲಕೋಟೆ

ಸಭೆಯಲ್ಲಿ ಎಲ್ಲರ ಮುಂದೆ ತೆಗೆಯಬೇಡಿರಿ. ಊಟದ ಬಿಡುವಿನಲ್ಲಿ ಒಬ್ಬರೇ ಹೋಗಿ. ಮೊದಲ ಮಾತು "ನಿಮಗ ಏನು ಅಡ್ಡ ಬರಾಕತ್ತೈತಿ?" ಅಂತಿರಲಿ. ಕಾಯ್ದೆ ಶಿಕ್ಷಕರಿಗೆ ವಾರಕ್ಕೆ 45 ತಾಸು ಇಟ್ಟಿದೆ, ಪಾಠದ ತಯಾರಿಯೂ ಅದರಲ್ಲೇ ಸೇರಿದೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟರೆ ಶಿಕ್ಷಣಕ್ಕೆ ಸಂಬಂಧವಿಲ್ಲದ ಕೆಲಸಕ್ಕೆ ಅವರನ್ನು ಹಚ್ಚುವಂತಿಲ್ಲ ಅಂತ 27ನೇ ಕಲಮು ಹೇಳುತ್ತದೆ. ಆದರೂ ಬಿಸಿಯೂಟದ ದಾಸ್ತಾನು ಲೆಕ್ಕ, ಹಾಲಿನ ಪುಡಿ, ಆನ್‌ಲೈನ್ ಮಾಹಿತಿ ತುಂಬುವುದು ಇವೆಲ್ಲ ಅವರ ತಲೆ ಮೇಲೆಯೇ ಇರುತ್ತವೆ. ಅಕ್ಕಿ, ಬೇಳೆ ತೂಗಿ ಇಳಿಸಿಕೊಳ್ಳುವಾಗ ಸಮಿತಿಯ ಒಬ್ಬರು ದಿನಾ ಅರ್ಧ ತಾಸು ನಿಂತರೆ ವಾರಕ್ಕೆ ಮೂರು ತಾಸು ಅವರಿಗೆ ಉಳಿಯುತ್ತದೆ. ಎಂಟೆಂಟು ವಹಿ ತಿದ್ದುವ ಹೊತ್ತು ಅಲ್ಲಿಂದ ಬರಬೇಕು.

ಎರಡನೆಯದಾಗಿ ಒಂದೇ ಪ್ರಶ್ನೆ ಕೇಳಿರಿ: "ಈ ತಿಂಗಳು ಯಾವ ಐದು ಮಕ್ಕಳು ಎಲ್ಲಿ ತಡಕೊಂಡಾರ್ರಿ?" ಹೆಸರು ಹಿಡಿದು "ಇವಗ ಸೊನ್ನಿ ಇದ್ದಲ್ಲಿ ಎರವಲು ಬರವಲ್ದು, ಅವಳು ಅರ್ಕಾವೊತ್ತಿನಾಗ ನಿಂತಾಳ" ಅಂತ ಉತ್ತರ ಬಂದರೆ ಬೇರೆ ಏನೂ ನೋಡಬೇಕಿಲ್ಲ, ಅವರಿಗೆ ಏನು ಬೇಕೋ ಕೊಡಿಸಿರಿ. "ಎಲ್ಲಾರೂ ಚಲೋ ಅದಾರ" ಅಂತ ಬಂದರೆ ಮುಂದಿನ ತಿಂಗಳು ಅದೇ ಪ್ರಶ್ನೆಯನ್ನು ಅಷ್ಟೇ ಮರ್ಯಾದೆಯಿಂದ ಮತ್ತೆ ಕೇಳಿರಿ. ಕೇಳುವವರು ಇದ್ದಾರೆ ಅಂತ ಗೊತ್ತಾದರೆ ಬಹಳ ಶಿಕ್ಷಕರು ನೋಡಲು ಶುರುಮಾಡುತ್ತಾರೆ.

ಕೃಷ್ಣಾದಂಡಿ, ಜಮಖಂಡಿ ತಾಲೂಕು

ಆತ್ರಿ. ಸೋಮವಾರ ಮುಖ್ಯ ಗುರುಗಳನ್ನ ಕೇಳ್ಕೊಂಡು ಐದನೇ ಇಯತ್ತೆಯೊಳಗ ಕೂಡ್ತೀನಿ. 40 ಪಾಟಿ, ಬಳಪ, ರಬ್ಬರ್ ಎಸ್‌ಡಿಎಂಸಿ ಕಡಿಂದ ಕೊಡಸ್ತೀವಿ, ಕಡ್ಡಿ ಹುಡುಗರ ಕಡೆನ ತರಸ್ತೀವಿ. ಅಕ್ಕಿ ತೂಗು ಪಾಳಿ ಮೊದಲನೇ ವಾರ ನಂದು.